ಅವನ ಕೈ ಜಾರಿದ ಚೆಂಡು

"ರೀ! ಆ ಹಿಟ್ ಬರೆದೋರು ಯಾರ್ರೀ ಇಲ್ಲಿ?"

ಬಾಗಿಲು ದಢಾರನೆ ತೆರೆಯಿತು. ಅಂಕ ಬರೆಯುವ ಗೂಡಿನಂಥ ಕೋಣೆಯಲ್ಲಿ ಒಬ್ಬಳೇ ಕೂತಿದ್ದ ಕೋರಾ ಬೆಚ್ಚಿ ತಿರುಗಿದಳು.

ವೇಡ್!

ಮೊಣಕಾಲಿನವರೆಗೂ ಕೆಂಪು ಮಣ್ಣು. ಮೂರು ವರ್ಷದಿಂದ ಗಾಜಿನಾಚೆಗಷ್ಟೇ ಕಂಡಿದ್ದ ಮುಖ ಇವತ್ತು ಕೈಗೆಟುಕುವಷ್ಟು ಹತ್ತಿರ... ಅದೂ ಕೆಂಡದ ಹಾಗೆ!

"ನಾನೇ ಬರೆದೆ..."

"ನೆಟ್ಟಗೆ ನನ್ನ ಗ್ಲೌಸ್‌ಗೇ ಬಂದ ಚೆಂಡು ಅದು. ನಮ್ಮಜ್ಜಿನೂ ಹಿಡೀತಿದ್ಲು! ಬಿಟ್ಟೋನು ನಾನು. ಅದು ಅವರ ಹಿಟ್ ಹೆಂಗಾಗುತ್ತೆ?"

ಅಲಬಾಮಾದ ಕಾಲೇಜುಗಳ ಬೇಸ್‌ಬಾಲ್ ಟೂರ್ನಿಯ ಸೆಮಿಫೈನಲ್ ಆಗತಾನೇ ಮುಗಿದಿತ್ತು. ವೇಡ್‌ನ ತಂಡವೇ ಗೆದ್ದಿತ್ತು. ಅವರ ಚೆಂಡೆಸೆಯುವ ಪಿಚರ್ ಓರಿನ್ ಎದುರಾಳಿಗಳಿಗೆ ಕೊಟ್ಟದ್ದು ಒಂದೇ ಒಂದು ಹಿಟ್. ಆ ಒಂದೂ ಇಲ್ಲದಿದ್ದರೆ ಜನ್ಮಕ್ಕೊಮ್ಮೆ ಸಿಗುವ ಕೀರ್ತಿ ಅವನದಾಗುತ್ತಿತ್ತು! ಅದು ಬಾರಿಸಿದವನು ಗಳಿಸಿದ 'ಹಿಟ್' ಆಗಬೇಕೋ, ಹಿಡಿಯದೆ ಬಿಟ್ಟ ಫೀಲ್ಡರನ 'ತಪ್ಪು' ಆಗಬೇಕೋ ಎಂದು ತೀರ್ಮಾನಿಸುವವಳು ಕೋರಾ.

ಕೆಳಗೆ ಹುಡುಗರನ್ನು ಆರಿಸಿಕೊಳ್ಳಲು ಬಂದ ದೊಡ್ಡ ತಂಡಗಳ ದೊಡ್ಡ ಮನುಷ್ಯರು ಬೇಯಿಸಿದ ಕಡಲೆಕಾಯಿ ಸುಲಿಯುತ್ತಾ ಕೂತಿದ್ದರು, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರ ಹಾಗೆ. ತಾವು ಜನ್ಮದಲ್ಲಿ ಒಂದು ಚೆಂಡೂ ಹಿಡಿದವರಲ್ಲ. ಹುಡುಗ ಒಂದು ತಪ್ಪು ಮಾಡಿದರೆ ಮಾತ್ರ ಅವನ ಹೆಸರಿನ ಮೇಲೆ ಗೀಟು! ಅದನ್ನು ನೆನೆದೇ ಕೋರಾಳ ಬೆರಳು 'ಹಿಟ್' ಎಂದು ಒತ್ತಿಬಿಟ್ಟಿತ್ತು.

"ಓರಿನ್ ಮೇಲೆ ಏನ್ರೀ ಸಿಟ್ಟು ನಿಮಗೆ?"

"ಅಯ್ಯೋ, ಸಿಟ್ಟೇನಿಲ್ಲ..."

"ಮತ್ತೆ ನನ್ನ ಮೇಲೆ ಕನಿಕರನಾ? ಪಾಪ ಬಡಪಾಯಿ ಅಂತಾನಾ? ಬೇಕಾಗಿಲ್ಲ ಕಣ್ರೀ! ಅವನು ಕೆಳಗೆ 'ಹೋಗ್ಲಿ ಬಿಡು ಮಗಾ' ಅಂತ ನಗ್ತಾ ಕೂತಿದಾನೆ. ಆ ನಗು ನೋಡೋಕಾಗ್ತಿಲ್ಲ ನನಗೆ."

ಅವನ ದನಿ ಒಡೆಯಿತು. ಕೋರಾಳ ಕಣ್ಣು ತುಂಬಿತು.

'ಹೇಳಿಬಿಡು... ನಾಳೆ ಫೈನಲ್. ಆಮೇಲೆ ಇವನ ಕಾಲೇಜೇ ಮುಗಿಯಿತು. ಇವನೆಲ್ಲೋ, ನೀನೆಲ್ಲೋ...'

"ಕನಿಕರ ಅಲ್ಲ! ಅವರೆಲ್ಲಾ ನಿಮ್ಮನ್ನ ಬೇಡ ಅಂದ್ಬಿಟ್ರೆ ಅಂತ ಹೆದರಿದೆ. ಇಷ್ಟು ವರ್ಷ ಒಂದ್ಸಲಾನೂ ಸುಳ್ಳು ಬರೆದಿರಲಿಲ್ಲ ನಾನು. ಇವತ್ತು ನಿಮ್ಮ ತಪ್ಪು ಅಂತ ಬರೆಯೋಕೆ ಕೈ ಬರಲಿಲ್ಲ... ನೀವಂದ್ರೆ ನನಗಿಷ್ಟ. ಸಾಕಾ?"

ವೇಡ್ ನಿಧಾನವಾಗಿ ಟೋಪಿ ತೆಗೆದ. ಬಂದ ಸಿಟ್ಟು ಎಲ್ಲಿ ಇಳಿದು ಹೋಯಿತೋ!

"ಇಷ್ಟ ಆದ್ರೆ... ನನ್ನ ತಪ್ಪನ್ನೂ ನನ್ನದು ಅಂತಾನೇ ಬರೀಬೇಕು ಅಲ್ವಾ?"

"ಅವರು ನೋಡ್ತಾರೆ..."

"ನೋಡ್ಲಿ ಬಿಡಿ. ಬೇಡ ಅಂದ್ರೆ ಬೇಡ. ಓರಿನ್‌ದು ಕಿತ್ಕೊಂಡು ನಾನು ದೊಡ್ಡೋನಾಗಲ್ಲ."

ತಿದ್ದಲು ಇನ್ನೂ ಅವಕಾಶವಿತ್ತು. ಅವಳು ತಿದ್ದಿದಳು. ಮೈದಾನದ ದೊಡ್ಡ ಬೋರ್ಡಿನಲ್ಲಿ ಹಿಟ್ ಸೊನ್ನೆಯಾಯಿತು. ತಪ್ಪು, ಒಂದು. ಧ್ವನಿವರ್ಧಕ ವೇಡ್‌ನ ಹೆಸರು ಹಿಡಿದೇ ಕೂಗಿ ಹೇಳಿತು.

ಕೆಳಗೆ ಹುಡುಗರ ಹುಯಿಲೋ ಹುಯಿಲು! ಓರಿನ್ ಬರಿಗಾಲಲ್ಲೇ ಮೈದಾನಕ್ಕೆ ಓಡಿಬಂದು ಬೋರ್ಡ್ ನೋಡಿ ಕುಸಿದು ಕೂತ. ಗೆಳೆಯರು ಅವನ ಮೇಲೆ ರಾಶಿಯಾಗಿ ಬಿದ್ದರು. ವೇಡ್ ನಗುತ್ತಾ ಕಣ್ಣೊರೆಸಿಕೊಂಡ.

"ಹೋಗಿ... ನಿಮ್ಮೋರು ಕಾಯ್ತಿದಾರೆ," ಎಂದಳು ಕೋರಾ, ಮುಖ ತಿರುಗಿಸಿ.

ಬಾಗಿಲವರೆಗೆ ಹೋದವನು, ಅಲ್ಲಿ ಅಂಟಿಸಿದ್ದ ಅವಳ ಹೆಸರು ಓದಿ ನಿಂತ.

"ಕೋರಾ... ನಾಳೆ ಪಂದ್ಯ ಮುಗಿದ ಮೇಲೆ ಕೆಳಗೆ ಬರ್ತೀಯಾ?"

'ಬರ್ತೀಯಾ' ಅಂದನಲ್ಲ, ಏಕವಚನದಲ್ಲಿ! ಅವಳ ಕೆನ್ನೆ ಬಿಸಿಯಾಯಿತು.

"ಸೋತ್ರೆ?"

"ಸೋತ್ರೆ ಅಳ್ತೀನಿ ಕಣೇ."

"ಮತ್ತೆ ನಾನ್ಯಾಕೆ?"

"ಅದಕ್ಕೇ ಬಾ."