ಅವಳ ಜೊತೆ ನಿಲ್ಲಲೊಲ್ಲದವನು

"ಅವಳ ಜೊತೆ ನಾನು ನಿಲ್ಲೋದಿಲ್ಲ. ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

ಮಾತು ಬಂದದ್ದು ಅಡುಗೆಮನೆಯಿಂದ. ಹೊಸ್ತಿಲಾಚೆ ಸೂಟ್‌ಕೇಸ್ ಹಿಡಿದು ನಿಂತಿದ್ದ ಮೆಲ್ಪೊಗೆ ಒಳಗೆ ಹೋಗಬೇಕೋ, ಬಂದ ಹಡಗಿಗೇ ವಾಪಸು ಹೋಗಬೇಕೋ ತಿಳಿಯಲಿಲ್ಲ.

ಆ ದನಿ ಅವಳಿಗೆ ಗೊತ್ತು. ಎರಡು ವರ್ಷದಿಂದ ಪ್ರತಿ ಭಾನುವಾರ ಫೋನಿನಲ್ಲಿ ಕೇಳಿದ ದನಿ. ಊಟ ಆಯ್ತಾ, ಅಲ್ಲಿ ಚಳಿ ಹೇಗಿದೆ, ಕಾಲುನೋವು ಕಡಿಮೆ ಆಯ್ತಾ... ಇಷ್ಟು ಕೇಳಿ, ಇದಕ್ಕಿಂತ ಹೆಚ್ಚಿನದೇನನ್ನೂ ಕೇಳದೆ ಫೋನ್ ಇಡುವ ಪಾಂಡೆಲಿಸ್‌ನ ದನಿ.

"ಯಾಕೋ? ಅವಳಿಗೇನು ಕೊಂಬು ಬಂದಿದೆಯಾ?" ಅವನ ತಾಯಿ ಕಲ್ಲಿಯೊಪಿ ಕೇಳುತ್ತಿದ್ದಳು. "ನಾಳೆ ನಿನ್ನ ತಂಗಿ ಮಗುವಿನ ದೀಕ್ಷಾಸ್ನಾನ. ಧರ್ಮತಂದೆ ನೀನು, ಧರ್ಮತಾಯಿ ಮೆಲ್ಪೊ ಅಂತ ಊರಿಗೆಲ್ಲ ಹೇಳಾಗಿದೆ."

"ಹೇಳಿದ್ದು ನೀವು. ನಾನಲ್ಲ."

ಕುರ್ಚಿ ಸರಿದ ಸದ್ದಾಯಿತು. ಹೊರಬಂದ ಪಾಂಡೆಲಿಸ್ ಅವಳನ್ನು ಕಂಡು ಬಾಗಿಲಲ್ಲೇ ನಿಂತ.

"ಬಂದ್ಯಾ," ಎಂದ.

"ಬಂದೆ."

"ಹಡಗು ತಡ ಆಗುತ್ತೆ ಅಂದ್ಕೊಂಡಿದ್ದೆ."

"ಕಾಣ್ತಾ ಇದೆ."

ಅವನು ಅವಳ ಸೂಟ್‌ಕೇಸನ್ನು ಒಳಗಿಟ್ಟ. ಆಮೇಲೆ ಬಕೆಟ್ ಎತ್ತಿಕೊಂಡು ತೋಟದ ಕಡೆ ನಡೆದುಬಿಟ್ಟ. ಗಾಬರಿಯಾದಾಗ ಆ ಮನೆಯ ಗಂಡಸರೆಲ್ಲ ಮರಗಳ ಹತ್ತಿರ ಹೋಗುತ್ತಾರೆ. ಮರಗಳು ಪ್ರಶ್ನೆ ಕೇಳುವುದಿಲ್ಲ ಎಂಬುದು ಅವರ ನಂಬಿಕೆ.

ಮೆಲ್ಪೊ ಕಲ್ಲಿನ ಬೆಂಚಿನ ಮೇಲೆ ಕುಳಿತಳು. ಅಳು ಬರಲಿಲ್ಲ. ಅಳುವುದಕ್ಕೂ ಸ್ವಲ್ಪ ಶಕ್ತಿ ಬೇಕು.

ಅವಳು ಹುಟ್ಟಿ ಬೆಳೆದದ್ದು ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ, ಕಾರ್ಖಾನೆ ಕೆಲಸಕ್ಕೆಂದು ಅಲ್ಲಿಗೆ ಹೋದ ಗ್ರೀಕ್ ತಂದೆತಾಯಿಗೆ. ಗ್ರೀಕ್ ಭಾಷೆ ಮನೆಯಲ್ಲಿ ಬಂತು. ಗ್ರೀಕರ ಕಟ್ಟುಪಾಡುಗಳನ್ನು ಹೇಳಿಕೊಡಲು ಯಾರಿಗೂ ಪುರಸೊತ್ತಿರಲಿಲ್ಲ. ಆಸ್ಪತ್ರೆಯಲ್ಲಿ ನರ್ಸ್ ಆದಳು. ಅಲ್ಲಿಯೇ ಗೆಳತಿಯಾದವಳು ಪಾಂಡೆಲಿಸ್‌ನ ತಂಗಿ ಅಸಿಮಿನಾ. ಅವಳು ಕೆಲಸ ಬಿಟ್ಟು ಈ ಹಿಯೊಸ್ ಎಂಬ ಗ್ರೀಕ್ ದ್ವೀಪಕ್ಕೆ ಮರಳಿ ಮದುವೆಯಾದಳು. ಆ ಮದುವೆಯಲ್ಲಿ ಮೆಲ್ಪೊ ಅವಳ ಅಣ್ಣನನ್ನು ಕಂಡಳು. ಅಷ್ಟೇ. ಅಷ್ಟಕ್ಕೇ ಮನುಷ್ಯರು ಎರಡು ವರ್ಷ ಫೋನ್ ಕಾಯುತ್ತಾರೆ.

'ನನ್ನ ಜೊತೆ ಒಂದು ಗಂಟೆ ನಿಲ್ಲೋಕೂ ಆಗದಷ್ಟು ಬೇಡವಾದೆನಾ? ಹಾಗಿದ್ರೆ ಪ್ರತಿ ವಾರ ಕಾಲುನೋವು ಯಾಕೆ ಕೇಳ್ತಿದ್ದ?'

ಒಳಗಿನಿಂದ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಅಸಿಮಿನಾ ಓಡಿ ಬಂದು ತಬ್ಬಿಕೊಂಡಳು.

"ನಿಮ್ಮಣ್ಣನಿಗೆ ನನ್ನ ಮೇಲೆ ಸಿಟ್ಟಾ?" ಮೆಲ್ಪೊ ನೇರವಾಗಿ ಕೇಳಿದಳು.

"ಸಿಟ್ಟಾ?" ಅಸಿಮಿನಾಳ ತುಟಿಯಲ್ಲಿ ನಗು ಬಂದು ಅಲ್ಲೇ ಸಿಕ್ಕಿಕೊಂಡಿತು. "ನನ್ನನ್ನ ಕೇಳ್ಬೇಡ ಕಣೇ. ಅವನೇ ಹೇಳ್ಬೇಕು. ಬೇರೆಯವರು ಬಾಯಿಬಿಟ್ರೆ ಕೆಟ್ಟದಾಗುತ್ತೆ ಅಂತ ಪ್ಲುಮು ಅತ್ತೆ ಈಗಷ್ಟೇ ಮಗು ಮೇಲೆ ಆಣೆ ಹಾಕ್ಸಿದಾಳೆ."

ಬೇರೆಯವರು ಹೇಳಬಾರದ ಸುದ್ದಿ ಎಂಥದಿರುತ್ತದೆಂದು ಆಸ್ಪತ್ರೆಯಲ್ಲಿ ಕೆಲಸ ಮಾಡಿದವಳಿಗೆ ಗೊತ್ತು. ಮೆಲ್ಪೊ ಮತ್ತೆ ಕೇಳಲಿಲ್ಲ.

ಅಷ್ಟು ಹೊತ್ತಿಗೆ ಊರಿಗೆಲ್ಲ ವಿಷಯ ತಿಳಿದಿತ್ತು, ಅರ್ಥವೂ ಆಗಿತ್ತು. ಅರ್ಥವಾಗದೆ ಉಳಿದವಳು ಅವಳೊಬ್ಬಳೇ.

ಆ ಊರಿನ ಲೆಕ್ಕ ಸರಳ. ದೀಕ್ಷಾಸ್ನಾನದ ದಿನ ಧರ್ಮತಂದೆ, ಧರ್ಮತಾಯಿ ಮಗುವಿನ ಮೈಗೆಲ್ಲ ಪವಿತ್ರ ಎಣ್ಣೆ ಹಚ್ಚುತ್ತಾರೆ. ಒಂದೇ ಮಗುವಿನ ಎಣ್ಣೆ ಇಬ್ಬರ ಕೈಗೂ ತಾಗಿದರೆ ಆ ಗಂಡು ಹೆಣ್ಣು ದೇವರ ಮುಂದೆ ಅಣ್ಣ ತಂಗಿ. ಮತ್ತೆ ಎಂದೆಂದಿಗೂ ಮದುವೆಯಾಗುವಂತಿಲ್ಲ. ಹೀಗಾಗಿ ಮದುವೆಯ ವಯಸ್ಸಿನ ಗಂಡಸೊಬ್ಬ 'ಅವಳ ಜೊತೆ ನಿಲ್ಲೋದಿಲ್ಲ' ಎಂದರೆ ಅದಕ್ಕೆ ಅಲ್ಲಿ ಒಂದೇ ಅರ್ಥ. ಕಲ್ಲಿಯೊಪಿಗೂ ಕುರ್ಚಿ ಸರಿದ ಮೇಲೆಯೇ ಹೊಳೆದದ್ದು. ಹೊಳೆದವಳು ಸೌಟು ಕೆಳಗಿಟ್ಟು ಶಿಲುಬೆಯ ಗುರುತು ಮಾಡಿಕೊಂಡಳು.

ಮಧ್ಯಾಹ್ನ ಅಂಗಳದ ತುಂಬ ಹೆಂಗಸರು. ಸುಗ್ಗಿಯ ಕಾಲ. ಮಸ್ತಿಹ ಮರದ ಕಾಂಡದಿಂದ ತೊಟ್ಟಿಕ್ಕಿ ಗಟ್ಟಿಯಾದ ಅಂಟನ್ನು ಗಂಡಸರು ಕೆರೆದು ತರುತ್ತಾರೆ, ಹೆಂಗಸರು ಸಣ್ಣ ಚಾಕುವಿನಿಂದ ಮಣ್ಣು ಬಿಡಿಸುತ್ತಾರೆ. ಮರುದಿನ ಹಬ್ಬವಿದ್ದರೂ ಅಂಟು ಕಾಯುವುದಿಲ್ಲ. ಎಲ್ಲರ ಕಣ್ಣೂ ನಿದ್ದೆಗೆಟ್ಟು ಕೆಂಪಾಗಿತ್ತು. ಮೆಲ್ಪೊ ಕೂಡ ಒಂದು ಚಾಕು ಹಿಡಿದು ಕುಳಿತಳು.

ಪ್ಲುಮು ಅತ್ತೆ ತನ್ನ ಸ್ಟೂಲನ್ನು ಎಳೆದು ಅವಳ ಮುಂದೆಯೇ ಹಾಕಿಕೊಂಡಳು. ಕಲ್ಲಿಯೊಪಿಯ ನಾದಿನಿ. ಕಪ್ಪು ಬಟ್ಟೆ, ನೆಟ್ಟ ನೋಟ.

"ಮಂಡಿ ನೋವಿದೆಯಾ ನಿನಗೆ?"

"ಮಂಡಿ ಇಲ್ಲ ಅತ್ತೆ. ಹಿಮ್ಮಡಿ."

"ಹಿಮ್ಮಡಿ ಪರವಾಗಿಲ್ಲ," ಅತ್ತೆ ಉಳಿದವರ ಕಡೆ ತಿರುಗಿ ಘೋಷಿಸಿದಳು. "ಮರದ ಬುಡದಲ್ಲಿ ಬೇಕಾಗೋದು ಮಂಡಿ."

"ತುಂಬಾ ಸಣ್ಣ ಇದಾಳೆ," ಒಬ್ಬಳೆಂದಳು.

"ಜರ್ಮನ್ ಅಡುಗೆ ತಿಂದು ಇನ್ನೇನಾಗ್ತಾಳೆ. ಬೇಯ್ಸಿದ ಆಲೂಗಡ್ಡೆಗೆ ಬೇಯ್ಸಿದ ಆಲೂಗಡ್ಡೆ ನೆಂಚ್ಕೊಳ್ತಾರಂತೆ."

"ತಿನ್ನೇ ಮಗಳೇ." ತಟ್ಟೆ ಬಂತು. ಮತ್ತೊಂದು ತಟ್ಟೆ ಬಂತು. ಯಾರೋ ಕೆನ್ನೆ ಹಿಂಡಿದರು. ದೃಷ್ಟಿ ತಾಗದಿರಲೆಂದು ಯಾರೋ ಮೂರು ಸಲ ಥೂ ಥೂ ಎಂದರು.

ಸತ್ತವರ ಮನೆಗೆ ಹೋದಾಗಲೂ ಜನ ಹೀಗೆಯೇ ತಿನ್ನಿಸುತ್ತಾರೆ. ಮೆಲ್ಪೊ ಅಂದುಕೊಂಡಳು: 'ಎಲ್ಲರಿಗೂ ಗೊತ್ತಾಗಿದೆ. ಎಲ್ಲರೂ ಕನಿಕರ ಪಡ್ತಿದಾರೆ.' ಅಂಟಿನ ಪುಟ್ಟ ಹರಳುಗಳು ಅವಳ ಕಣ್ಣ ಮುಂದೆ ಮಂಜಾದವು.

ಬಿಸಿಲು ಇಳಿಯುತ್ತಿದ್ದಂತೆ ಅವಳು ತೋಟಕ್ಕೆ ಹೋದಳು. ಪಾಂಡೆಲಿಸ್ ಮರದ ಬುಡದಲ್ಲಿ ಮಂಡಿಯೂರಿದ್ದ. ಬೆವರಿಗೆ ಅಂಗಿ ಬೆನ್ನಿಗೆ ಅಂಟಿತ್ತು. ಅವನ ಮುಖವೂ ರಾತ್ರಿ ಪಾಳಿ ಮುಗಿಸಿದವರ ಮುಖದ ಹಾಗೇ ಇತ್ತು. ಅದನ್ನು ನೋಡಿ ಸಿಟ್ಟು ಮಾಡಿಕೊಳ್ಳುವುದೂ ಕಷ್ಟವಾಯಿತು.

"ಒಂದು ಮಾತು ಕೇಳ್ತೀನಿ," ಎಂದಳು. "ಯಾಕೆ ನನ್ನ ಜೊತೆ ನಿಲ್ಲಲ್ಲ?"

ಅವನು ನಿಧಾನವಾಗಿ ಎದ್ದ. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಅಂಟು ಹೋಗಲಿಲ್ಲ.

"ನಿಂತರೆ... ಆಮೇಲೆ ದಾರಿ ಮುಚ್ಚಿಹೋಗುತ್ತೆ, ಮೆಲ್ಪೊ. ನಿನಗೂ ಗೊತ್ತಲ್ಲ."

ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಅವನಿಗೂ ಹೊಳೆಯಲಿಲ್ಲ. ಆ ಊರಿನಲ್ಲಿ ಇದು ಗೊತ್ತಿಲ್ಲದವರನ್ನು ಅವನು ಈ ತನಕ ಕಂಡೇ ಇರಲಿಲ್ಲ. ದಾರಿ ಎಂದರೆ ತನ್ನಿಂದ ದೂರ ಹೋಗುವ ದಾರಿ ಎಂದೇ ಅವಳು ತಿಳಿದಳು. ಒಂದು ಮಗುವಿನ ನೆಪದಲ್ಲಿ ಜೀವನವಿಡೀ ಅವಳ ನಂಟು ಅಂಟಿಕೊಳ್ಳುವುದು ಅವನಿಗೆ ಬೇಡ.

"ನನಗೆ ತುಂಬಾ ಸುಸ್ತಾಗಿದೆ ಪಾಂಡೆಲಿಸ್," ಎಂದಳು. "ರಜಾಕ್ಕೆ ಕಾಡಿಬೇಡಿ ಇಷ್ಟು ದೂರ ಬಂದಿದೀನಿ. ಊರವರ ಮುಂದೆ ನನ್ನನ್ನ ಹೀಗೆ ನಿಲ್ಲಿಸ್ಬೇಡ. ನಾಳೆ ಒಂದು ಗಂಟೆ ನನ್ನ ಪಕ್ಕ ನಿಂತ್ಕೋ. ಅದು ಬಿಟ್ಟು ಬೇರೇನೂ ನಿನ್ನನ್ನ ಕೇಳಲ್ಲ."

ಅವನು ಅವಳನ್ನೇ ನೋಡಿದ.

"ನಿನಗೆ ಅದೇ ಬೇಕಾ? ಯೋಚ್ನೆ ಮಾಡಿ ಹೇಳು."

"ಮಾಡಾಯ್ತು. ಅದೇ ಬೇಕು."

"ಸರಿ," ಎಂದ ಅವನು. ಮತ್ತೆ ಮಂಡಿಯೂರಿ ಕೆರೆಯಲು ತೊಡಗಿದ. ಆ ಬುಡದಲ್ಲಿ ಕೆರೆಯುವುದೇನೂ ಉಳಿದಿರಲಿಲ್ಲ.

ಹೀಗೆ ಇಬ್ಬರೂ ಪರಸ್ಪರ ತಿರಸ್ಕೃತರಾಗಿ, ಬೇರೆ ಬೇರೆ ದಾರಿ ಹಿಡಿದು, ಒಂದೇ ಮನೆಗೆ ಊಟಕ್ಕೆ ಬಂದರು.

ಬೆಳಿಗ್ಗೆ ಚರ್ಚಿನಲ್ಲಿ ಸೇರಿದ ಜನರನ್ನು ನೋಡಿದರೆ ಯಾರೋ ತೀರಿಕೊಂಡ ಹಾಗಿತ್ತು. ಪಾಂಡೆಲಿಸ್ ಇಸ್ತ್ರಿ ಮಾಡಿದ ಅಂಗಿಯಲ್ಲಿ ಕಲ್ಲಿನಂತೆ ನಿಂತಿದ್ದ. ಕಲ್ಲಿಯೊಪಿ ಮಗನ ಮುಖ ನೋಡಲಾರದೆ ಮೇಣದ ಬತ್ತಿಗಳನ್ನು ಸರಿಮಾಡುತ್ತಿದ್ದಳು. ಅಸಿಮಿನಾಳ ಕಣ್ಣು ಊದಿಕೊಂಡಿತ್ತು. ಪ್ಲುಮು ಅತ್ತೆ ಬಾಗಿಲ ಬಳಿ ಸೊರ ಸೊರ ಮೂಗೆಳೆಯುತ್ತ, ಎಲ್ಲರಿಗೂ ಕೇಳುವ ಪಿಸುಮಾತಿನಲ್ಲಿ, "ಪಾಪ, ಹುಡುಗಿ ಒಲ್ಲೆ ಅಂದ್ಲಂತೆ. ಅವನ ತೋಟದಲ್ಲೇ ನಿಂತು ಹೇಳಿದ್ಲಂತೆ," ಎನ್ನುತ್ತಿದ್ದಳು.

ಮೆಲ್ಪೊ ಅದನ್ನು ಕೇಳಿದಳು. ಅರ್ಥವಾಗಲಿಲ್ಲ. ಒಲ್ಲೆ ಅಂದವನು ಅವನಲ್ಲವೇ...

ಅವಳ ತೋಳಿನಲ್ಲಿ ಮಗುವಿತ್ತು. ಶಾಸ್ತ್ರ ಶುರುವಾಗುವುದು ಚರ್ಚಿನ ಹೊರಕೋಣೆಯಲ್ಲಿ. ಪಡುವಣಕ್ಕೆ ಮುಖ ಮಾಡಿ, ಸೈತಾನನನ್ನು ತೊರೆದೆ ಎಂದು ಧರ್ಮದ ತಂದೆತಾಯಿ ಮಗುವಿನ ಪರವಾಗಿ ಹೇಳಬೇಕು. ಮುದುಕ ಪಾದ್ರಿ ಝನ್ನಿಸ್ ಪುಸ್ತಕ ತೆರೆದರು, ಕನ್ನಡಕ ಏರಿಸಿದರು. ಅತ್ತೆಯ ಮೂಗಿನ ಸದ್ದು ನಿಲ್ಲಲೆಂದು ಕಾದರು. ಅದು ನಿಲ್ಲಲಿಲ್ಲ. ಪುಸ್ತಕ ಮುಚ್ಚಿದರು.

"ಪ್ಲುಮು, ಮಗುವಿಗೆ ಸ್ನಾನ ಮಾಡಿಸ್ತಿದೀವಿ, ಹೂಳ್ತಾ ಇಲ್ಲ."

"ನೀವು ಓದಿ ಸ್ವಾಮಿ. ನನ್ನ ಪಾಡಿಗೆ ನಾನು ಅಳ್ತೀನಿ."

ಪಾದ್ರಿ ಪಾಂಡೆಲಿಸ್‌ನನ್ನು ನೋಡಿದರು, ಮೆಲ್ಪೊಳನ್ನು ನೋಡಿದರು. ಎಷ್ಟೋ ಮದುವೆ ಮಾಡಿಸಿದ್ದ ಅವರಿಗೆ, ಆಗದೆ ಉಳಿದ ಮದುವೆಗಳೂ ಅಷ್ಟೇ ಚೆನ್ನಾಗಿ ಗೊತ್ತಿದ್ದವು.

"ಮಗಳೇ, ನೀನು ಹೊರಗಿನಿಂದ ಬಂದವಳು. ಅದಕ್ಕೇ ಕೇಳ್ತೀನಿ. ಇದನ್ನ ಮುಗಿಸಿದ ಮೇಲೆ ನೀವಿಬ್ಬರೂ ಅಣ್ಣ ತಂಗಿ. ಆಮೇಲೆ ಮನಸ್ಸು ಬದಲಾಯ್ತು ಅಂತ ಬಂದು ಮದುವೆ ಮಾಡ್ಸಿ ಅಂದ್ರೆ ನಾನು ಮಾಡೋ ಹಾಗಿಲ್ಲ. ಯಾವ ಪಾದ್ರಿನೂ ಮಾಡಲ್ಲ. ಇದು ತಿಳಿದೇ ನಿಂತಿದೀಯಾ?"

ಮೆಲ್ಪೊ ಕಣ್ಣು ಮಿಟುಕಿಸಿದಳು.

"ಏನಂದ್ರಿ?"

"ನೋಡಿದ್ರಾ," ಪ್ಲುಮು ಅತ್ತೆ ಅಳು ನಿಲ್ಲಿಸಿದಳು. "ಅವಳಿಗೆ ಗೊತ್ತೇ ಇಲ್ಲ."

"ನೀನೇ ತಾನೇ ಆಣೆ ಹಾಕ್ಸಿದ್ದು ಅತ್ತೆ," ಅಸಿಮಿನಾ ಹಲ್ಲು ಕಚ್ಚಿ ಎಂದಳು.

ಮೆಲ್ಪೊ ಪಾಂಡೆಲಿಸ್‌ನ ಕಡೆ ತಿರುಗಿದಳು. ನಿನ್ನೆಯ ಮಾತುಗಳೆಲ್ಲ ಒಂದೊಂದಾಗಿ ತಲೆಯೊಳಗೆ ಮಗ್ಗುಲು ಬದಲಿಸುತ್ತಿದ್ದವು. ದಾರಿ ಮುಚ್ಚಿಹೋಗುತ್ತೆ... ಯೋಚ್ನೆ ಮಾಡಿ ಹೇಳು... ಸರಿ.

"ಅದಕ್ಕಾ ನಿಲ್ಲಲ್ಲ ಅಂದಿದ್ದು?"

"ಮತ್ತೆ ಯಾವುದಕ್ಕೆ ಅಂದ್ಕೊಂಡೆ?"

"ನಾನು ಬೇಡ ಅಂತ."

"ಅಯ್ಯೋ ದೇವರೇ," ಎಂದ ಅವನು, ಮೆಲ್ಲಗೆ. "ನೀನು ಬೇಡ ಅಂತಿದ್ರೆ ಸುಮ್ನೆ ಪಕ್ಕದಲ್ಲಿ ನಿಂತು ಎಣ್ಣೆ ಹಚ್ತಿದ್ದೆ."

"ಹಾಗಾದ್ರೆ ಇವತ್ತು ಯಾಕೆ ಬಂದು ನಿಂತೆ?"

"ನೀನು ಕೇಳಿದೆ. ಬೇರೇನೂ ಕೇಳಲ್ಲ ಅಂದೆ. ಕೇಳಿದ ಒಂದನ್ನಾದ್ರೂ ಕೊಡೋಣ ಅಂತ."

ಹೊರಕೋಣೆಯಲ್ಲಿ ಕೆಮ್ಮು ಬಂದವರು ನುಂಗಿಕೊಂಡರು.

ಮೆಲ್ಪೊ ಮಗುವನ್ನು ನೋಡಿದಳು. ಗೆಳತಿಯ ಮೊದಲ ಮಗು. ಇದರ ಧರ್ಮತಾಯಿಯಾಗಲು ಅವಳಿಗೆ ನಿಜಕ್ಕೂ ಆಸೆಯಿತ್ತು. ಬಿಳಿ ಬಟ್ಟೆಯನ್ನು ಅವಳೇ ಆರಿಸಿ ತಂದಿದ್ದಳು. ಬಿಟ್ಟುಕೊಟ್ಟರೆ ಈ ಮಗು ಮತ್ತೆಂದೂ ಆ ರೀತಿಯಲ್ಲಿ ಅವಳದಾಗುವುದಿಲ್ಲ.

ಅವಳು ಅಸಿಮಿನಾಳ ಕಡೆ ನೋಡಿದಳು. ಅಸಿಮಿನಾ ಅಳುತ್ತಲೇ ತಲೆಯಾಡಿಸಿದಳು.

ಮೆಲ್ಪೊ ಮಗುವಿನ ಹಣೆಗೆ ತುಟಿಯೊತ್ತಿ ಅದನ್ನು ಪಾಂಡೆಲಿಸ್‌ನ ತೋಳಿಗೆ ಕೊಟ್ಟಳು. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದಳು. ಸಾಲದೆನಿಸಿ ಇನ್ನೂ ಒಂದು ಹೆಜ್ಜೆ.

"ನಾನು ಇವನ ಜೊತೆ ನಿಲ್ಲೋದಿಲ್ಲ," ಎಂದಳು.

"ದೇವರಿಗೆ ಸ್ತೋತ್ರ," ಎಂದರು ಪಾದ್ರಿ. ಅದು ಪುಸ್ತಕದಲ್ಲಿ ಆ ಜಾಗದಲ್ಲಿರಲಿಲ್ಲ. "ಧರ್ಮತಂದೆ ಒಬ್ಬನೇ ಸಾಕು. ಪಡುವಣಕ್ಕೆ ತಿರುಗು ಪಾಂಡೆಲಿಸ್. ಸೈತಾನನನ್ನು ತೊರೆದೆಯಾ?"

"ತೊರೆದೆ," ಎಂದ ಪಾಂಡೆಲಿಸ್, ಸೈತಾನನಿಗೆ ಸ್ಟುಟ್‌ಗಾರ್ಟಿನಲ್ಲೂ ಕೇಳಿಸುವ ಹಾಗೆ.

ಊಟದ ಹೊತ್ತಿಗೆ ಎಲ್ಲರೂ ದಣಿದಿದ್ದರು. ಅಂಗಳದ ಉದ್ದಕ್ಕೂ ಮೇಜುಗಳು, ಕುರಿಮಾಂಸ, ವೈನು. ಮೈಗೆಲ್ಲ ಎಣ್ಣೆ ಹಚ್ಚಿಸಿಕೊಂಡು, ನೀರಿನಲ್ಲಿ ಮೂರು ಸಲ ಮುಳುಗಿ, ಊರು ಕೇಳುವಂತೆ ಅತ್ತ ಮಗು ನಿದ್ದೆ ಹೋಗಿತ್ತು. ಪ್ಲುಮು ಅತ್ತೆ ಮೇಜಿಂದ ಮೇಜಿಗೆ ಹೋಗಿ, ಎಲ್ಲ ಕೂಡಿಬಂದದ್ದು ತನ್ನ ಅಳುವಿನಿಂದಲೇ ಎಂದು ಸಾಕ್ಷಿಸಮೇತ ವಿವರಿಸುತ್ತಿದ್ದಳು.

ಗೋಡೆಯ ನೆರಳಿನಲ್ಲಿದ್ದ ಮೆಲ್ಪೊಳ ಪಕ್ಕ ಪಾಂಡೆಲಿಸ್ ಬಂದು ಕುಳಿತ. ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟ. ಸ್ವಲ್ಪ ಹೊತ್ತು ಬಿಟ್ಟು ಆ ಜಾಗ ಕಡಿಮೆ ಮಾಡಿದ.

"ಎರಡು ವರ್ಷ ಏನೂ ಹೇಳಲಿಲ್ಲ ನೀನು," ಎಂದಳು.

"ನಿನ್ನ ಕೆಲಸ ಅಲ್ಲಿ. ನಾನು ಮರ ಬಿಟ್ಟು ಬರೋ ಹಾಗಿಲ್ಲ. ಇಲ್ಲಿ ಏನಿದೆ? ಬೆನ್ನುನೋವು. ಬೇಸಿಗೇಲಿ ನೀರಿಲ್ಲ. ಜೊತೆಗೆ ಪ್ಲುಮು ಅತ್ತೆ. ಹೇಗೆ ಕೇಳ್ಲಿ?"

"ಕೇಳೋಕೆ ನೀನು ಹೆದರಿದ್ದೆ. ನೀನು ಕೇಳಲ್ಲ ಅಂತ ನಾನು ಹೆದರಿದ್ದೆ. ಒಬ್ಬರನ್ನೊಬ್ಬರು ಎಷ್ಟು ಸುಸ್ತು ಮಾಡಿದೀವಿ ನೋಡು."

"ಈಗ ಕೇಳ್ಲಾ?"

"ಕೇಳು."

"ಇಲ್ಲೇ ಇರ್ತೀಯಾ ಮೆಲ್ಪೊ?"

ವಾರ್ಡಿನ ಉದ್ದ ಕಾರಿಡಾರ್, ಬೆಳಗಿನ ಜಾವದ ಖಾಲಿ ಬಸ್ಸು, ಯಾರೂ ದೀಪ ಹಚ್ಚಿಡದ ಮನೆ... ಎಲ್ಲ ಒಮ್ಮೆ ಅವಳ ಕಣ್ಣ ಮುಂದೆ ಹಾದುಹೋದವು.

"ಅಲ್ಲಿ ಕೆಲಸ ಬಿಡೋಕೆ ಸ್ವಲ್ಪ ಸಮಯ ಹಿಡಿಯುತ್ತೆ."

"ಹಿಡೀಲಿ."

"ಇಲ್ಲಿ ಆಸ್ಪತ್ರೆಯಲ್ಲಿ ಕೆಲಸ ಹುಡುಕ್ತೀನಿ. ಮರದ ಬುಡದಲ್ಲಿ ಮಂಡಿಯೂರೋದು ರಜಾ ದಿನ ಮಾತ್ರ."

"ಆಗ್ಲಿ."

"ಹಾಗಾದ್ರೆ ಇರ್ತೀನಿ."

ನಡುವೆ ಉಳಿದಿದ್ದ ಜಾಗವನ್ನೂ ಬಿಡದೆ ಅವನು ಹತ್ತಿರ ಸರಿದ. ಮೆಲ್ಪೊ ಅವನ ಭುಜಕ್ಕೆ ತಲೆಯಾನಿಸಿದಳು. ಅವಳ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು.

"ಎಲ್ಲರೂ ನೋಡ್ತಿದಾರೆ," ಎಂದ ಪಾಂಡೆಲಿಸ್.

"ನೋಡ್ಲಿ. ನಾನು ಒಂಚೂರು ಮಲಗ್ತೀನಿ."

"ಮಲಗು."

"ಎದ್ದಾಗ ಇಲ್ಲೇ ಇರ್ತೀಯಾ? ಮರದ ಹತ್ರ ಓಡಿಹೋಗಲ್ಲ ತಾನೇ?"

"ಇಲ್ಲ," ಎಂದ ಅವನು. ಅಷ್ಟರಲ್ಲಿ ಅವಳಿಗೆ ನಿದ್ದೆ ಬಂದಿತ್ತು. ಆದರೂ ಅವನು ಇನ್ನೊಮ್ಮೆ ಹೇಳಿದ, ಈ ಸಲ ತನಗೇ ಎಂಬಂತೆ. "ಎಲ್ಲೂ ಹೋಗಲ್ಲ."