ಮುಟ್ಟಿ ನೋಡಿದ ಜ್ವರ

ಕಬಕದ ನಮ್ಮ ನೆರೆಮನೆ ಹುಡುಗಿ ಶಿಫಾಳ ನರ್ಸಿಂಗ್ ಪ್ರಾಕ್ಟಿಕಲ್ ಪರೀಕ್ಷೆಗೆ ರೋಗಿಯಾಗಿ ಮಲಗಿದ್ದವಳು ನಾನೇ. ತಣ್ಣಗಿನ ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡೇ ಅವಳು ನನ್ನ ಹಣೆ ಮುಟ್ಟಿದಳು. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟಳು.

“ಎಷ್ಟು ಹೊತ್ತು ಮಾರಾಯ್ತಿ? ನಾರ್ಮಲ್ ಅಂತ ಬರಿ. ಇಲ್ಲಾಂದ್ರೆ ಫೇಲ್ ಮಾಡುದೇ,” ಎಂದರು ಪರೀಕ್ಷಕಿ.

“ಆಸ್ಪತ್ರೆ ವಾರ್ಡಲ್ಲಿ ನನ್ನ ಅಜ್ಜಿ ಪಾತುವಿಗೂ ನೀವು ಮುಟ್ಟದೆ ನಾರ್ಮಲ್ ಅಂತಲೇ ಬರೆದದ್ದು ಮೇಡಂ. ಅವರು ಜ್ವರದಲ್ಲೇ ಸತ್ತರು. ಇವರನ್ನಾದರೂ ಮುಟ್ಟಿ ನೋಡಿ,” ಎಂದಳು ಶಿಫಾ.

ಫ್ಯಾನಿನ ಗಾಳಿ ಇದ್ದಕ್ಕಿದ್ದಂತೆ ಬಿಸಿಯಾಯಿತು. ಪರೀಕ್ಷಕಿ ನಗುತ್ತಾ ನನ್ನ ಹಣೆಯ ಮೇಲೆ ಕೈಯಿಟ್ಟರು. ಮರುಗಳಿಗೆ ಕಿರುಚಿದರು, ಆದರೆ ಕೈ ತೆಗೆಯಲಾಗಲಿಲ್ಲ. ಯಾರೋ ಮೇಲಿನಿಂದ ಒತ್ತಿ ಹಿಡಿದ ಭಾರ ನನ್ನ ಹಣೆಗೂ ತಿಳಿಯಿತು.

ಆ ಹಿಡಿತ ಬಿಟ್ಟಾಗ ಅವರ ಅಂಗೈ ತುಂಬ ಸುಟ್ಟ ಬೊಕ್ಕೆ. ಎಡಗೈಯಲ್ಲೇ ಪೆನ್ನು ಹಿಡಿದು ಶಿಫಾಳನ್ನು ಪಾಸು ಮಾಡಿದರು.

ನನ್ನ ಥರ್ಮಾಮೀಟರಿನಲ್ಲಿ ಜ್ವರ ಇರಲೇ ಇಲ್ಲ.