ಟ್ಯಾಂಕಿನ ಬಿಸಿ ಕದ್ದವರು ಯಾರು?

"ಇವತ್ತೂ ಕಳ್ಳತನ ಆಗಿದೆ!"

ಸೊಸೆ ಬರಿಗಾಲಿನಲ್ಲಿ ಹಜಾರದ ನಡುವೆ ನಿಂತಿದ್ದಳು. ಬೀಗ ಒಡೆದಿರಲಿಲ್ಲ. ಬೀರು ತೆರೆದಿರಲಿಲ್ಲ. ಆದರೆ ನೆಲ ಕೊರೆಯುತ್ತಿತ್ತು. ಕಳುವಾದದ್ದು ಒಂದೇ ಒಂದು—ಬಿಸಿ.

ಚಾವಣಿಯ ಸೋಲಾರ್ ಹಲಗೆಗಳು ಹಗಲೆಲ್ಲ ಕರೆಂಟು ಕೊಡಬೇಕು. ಅದರಿಂದ ಹಿತ್ತಲ ಟ್ಯಾಂಕಿನ ನೀರು ಕಾಯಬೇಕು. ಆ ನೀರು ನೆಲದಡಿಯ ಕೊಳವೆಗಳಲ್ಲಿ ಹರಿದು ಮನೆಯನ್ನು ಬೆಚ್ಚಗಿಡಬೇಕು. ಈ ಏರ್ಪಾಟಿಗಾಗಿ ಅವಳು ಮನೆಮಂದಿಯನ್ನೆಲ್ಲ ಎದುರು ಹಾಕಿಕೊಂಡಿದ್ದಳು. ಕಾರಣ, ಅತ್ತೆಯ ಉಬ್ಬಸ. ಕಲ್ಲಿದ್ದಲ ಒಲೆಯ ಹೊಗೆ ಅವರನ್ನು ಆಸ್ಪತ್ರೆಗೆ ಅಟ್ಟಿತ್ತು. ಒಲೆ ತೊಲಗಿದ ಮೇಲೆಯೇ ಅವರು ಚೇತರಿಸಿಕೊಂಡದ್ದು.

ಅದೇ ಒಲೆ ಈಗ ಸಂಜೆಗೆ ವಾಪಸ್ ಬರುವುದಿತ್ತು.

"ಚಳಿಯಲ್ಲಿ ಅಮ್ಮನ್ನ ಸಾಯಿಸ್ತೀಯೇನಮ್ಮಾ?" ಎಂದು ಭಾವ ಫೋನಿನಲ್ಲಿ ಗುಡುಗಿದ್ದರು. ಅತ್ತೆಯ ಹಿರಿಮಗ. ಕಲ್ಲಿದ್ದಲ ಡಿಪೋದ ಮಾಲೀಕರು ಬೇರೆ.

ಬೇರೆ ದಾರಿ ಕಾಣದೆ ಸೊಸೆ ಮಾವನ ತಂಗಿಗೆ ಹೇಳಿಕಳಿಸಿದಳು. ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮುಗಳ ಬೆನ್ನು ಹತ್ತಿ ನಿವೃತ್ತರಾದವರು. ಮನೆಯವರ ಬಾಯಲ್ಲಿ ಅವರ ಹೆಸರು ಸಿಐಡಿ. ಎಲ್ಲಿ ಏನು ಕಳೆದರೂ ಚಪ್ಪಲಿ ಮೆಟ್ಟಿ ಹೊರಟುಬಿಡುವ ಜೀವ. ಬಂದವರೇ ಕುರ್ಚಿ ಎಳೆದು ಕೂತರು.

"ಯಾವಾಗಿಂದ?"

"ಇವರು ಪರವೂರಿಗೆ ಕೆಲಸದ ಮೇಲೆ ಹೋದಾಗಿನಿಂದ, ಚಿಕ್ಕತ್ತೆ."

"ಲೈಟು? ಫ್ರಿಜ್ಜು?"

"ದೀಪ ಉರೀತಿದೆ. ತಂಗಳುಪೆಟ್ಟಿಗೇನೂ ನಡೀತಿದೆ."

ಸಿಐಡಿ ಹಣೆ ಚಚ್ಚಿಕೊಂಡರು. ಸೊಸೆ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವಳು. ಮನೆಯಲ್ಲೂ ಮೇಷ್ಟ್ರಗಿರಿ ಬಿಟ್ಟವಳಲ್ಲ.

"ದುರಸ್ತಿಯವರು ಏನಂದ್ರು?"

"ಟ್ಯಾಂಕು, ಕೊಳವೆ, ಯಂತ್ರ—ಒಂದೂ ಕೆಟ್ಟಿಲ್ಲ ಅಂದ್ರು."

"ಹಾಗಾದ್ರೆ ಕರೆಂಟಿದೆ, ಟ್ಯಾಂಕಿಗೆ ಮಾತ್ರ ಹೋಗ್ತಿಲ್ಲ. ಅದನ್ನ ಟ್ಯಾಂಕಿಗೆ ಬಿಡೋರು ಯಾರು?"

ಸೊಸೆ ಅಡುಗೆಮನೆಯ ಗೋಡೆಯ ಬಿಳಿ ಪೆಟ್ಟಿಗೆಯನ್ನು ತೋರಿಸಿದಳು. ಬಿಸಿಲು ಏರಿದಾಗ ಅದರ ಮೇಲೆ ಎರಡು ಚಿತ್ರ ಮಿನುಗುತ್ತವೆ—ಬೆಂಕಿ, ಬ್ಯಾಟರಿ. ಬೆಂಕಿಯನ್ನು ಮುಟ್ಟಿದರೆ ಟ್ಯಾಂಕು ಕಾಯುತ್ತದೆ. ಇಲ್ಲದಿದ್ದರೆ ಕರೆಂಟೆಲ್ಲ ಬ್ಯಾಟರಿಗೆ.

"ಮೊದಲು ಇವರು ಮಾಡ್ತಿದ್ರು. ಈಗ ಮಾವ. ಬಿಸಿಲು ಬರೋ ಹೊತ್ತಿಗೆ ನಾನು ಕಾಲೇಜಲ್ಲಿರ್ತೀನಲ್ಲ. ಇವತ್ತು ರಜೆ ಹಾಕಿದ್ದೀನಿ ಅಷ್ಟೆ."

"ಮಾವನಿಗೆ ಏನಂತ ಹೇಳಿದ್ದೆ? ನೀನಾಡಿದ ಮಾತೇ ಬೇಕು ನಂಗೆ."

"ಬಾಗಿಲಲ್ಲಿ ನಿಂತು ಹೇಳಿದೆ—'ಬಿಸಿಲು ಬಂದ ಮೇಲೆ ಬೆಂಕಿ ಚಿತ್ರ ಆರಿಸಿ' ಅಂತ."

ಪೇಪರು ಓದುತ್ತಿದ್ದ ಮಾವ ತಲೆಯೆತ್ತಿದರು. "ದಿನಾ ತಪ್ಪದೆ ಆರಿಸಿದ್ದೀನಿ. ಅದಕ್ಕೋಸ್ಕರ ಬಿಸಿಲು ಕಾಯ್ತಾ ಕೂತಿರ್ತೀನಿ!"

ಸೊಸೆ ದನಿ ತಗ್ಗಿಸಿದಳು. "ಇದು ಭಾವನವರದೇ ಕೈವಾಡ. ಮನೆ ಬೀಗದ ಕೈ ಅವರ ಹತ್ರಾನೂ ಇದೆ. ಒಲೆ ಬಂದ್ರೆ ಲಾಭ ಯಾರಿಗೆ?"

ಸಿಐಡಿ ಪೆಟ್ಟಿಗೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು. "ಅವನು ಮುಟ್ಟಿದ ಲೋಟಕ್ಕೂ ಮಸಿ ಹತ್ತುತ್ತೆ. ಇಲ್ಲಿ ಒಂದು ಚುಕ್ಕೆಯಾದ್ರೂ ಇದೆಯಾ? ಅವನಲ್ಲ."

"ಮತ್ತ್ಯಾರು?"

ಅಷ್ಟರಲ್ಲಿ ಕೋಣೆಯಿಂದ ಅತ್ತೆಯ ದನಿ ಬಂತು. "ಏನ್ರೀ, ಬಚ್ಚಲ ಲೈಟು ಉರೀತಾನೇ ಇದೆಯಾ?"

"ಆಗಲೇ ಆರಿಸಿದೆನಲ್ಲೇ!" ಎಂದರು ಮಾವ.

ಸಿಐಡಿ ದಿಗ್ಗನೆ ನೆಟ್ಟಗಾದರು. ಕಿಟಕಿಯ ಆಚೆ ಮಂಜು ಸರಿದು ಬಿಸಿಲು ಬಿದ್ದಿತ್ತು. ಪೆಟ್ಟಿಗೆಯ ಮೇಲೆ ಚಿತ್ರಗಳು ಮಿನುಗತೊಡಗಿದವು.

"ಅಣ್ಣಾ, ಬಾ ಇಲ್ಲಿ. ದಿನಾ ಮಾಡೋ ಹಾಗೇ ಮಾಡು."

ಮಾವ ಕನ್ನಡಕ ಏರಿಸಿಕೊಂಡರು. ಪೆಟ್ಟಿಗೆಯ ಬದಿಯಲ್ಲಿದ್ದ ಸಣ್ಣ ಗುಂಡಿಯನ್ನು ಅದುಮಿ ಹಿಡಿದರು. ಬೆಂಕಿಯ ಚಿತ್ರ ನಂದಿಹೋಯಿತು!

"ನೋಡಿದ್ಯಾ? ಆರಿಸಿದೆ," ಎಂದು ಹೆಮ್ಮೆಯಿಂದ ತಿರುಗಿದರು.

ಸೊಸೆ ಬಾಯಿಗೆ ಕೈ ಅಡ್ಡ ಹಿಡಿದಳು.

"ಬಿಸಿ ಕದ್ದವಳು ಸಿಕ್ಕಳು," ಎಂದರು ಸಿಐಡಿ. "ನೀನೇ ಕಣೇ, ಕನ್ನಡ ಮೇಡಂ!"

"ನಾನಾ?!"

"ಇನ್ನೇನು? ನಿನ್ನ ಬಾಯಲ್ಲಿ ಆರಿಸು ಅಂದ್ರೆ ಎರಡರಲ್ಲಿ ಒಂದನ್ನ ಆಯ್ದುಕೊ ಅಂತ. ನಮ್ಮಣ್ಣನ ಕಿವಿಗೆ ಅದು ನಂದಿಸು ಅಂತ. ಅದೂ ಬೆಂಕಿಯನ್ನ! ಬೆಂಕಿ ಆರಿಸಿ ಅಂದ್ರೆ ಯಾರು ತಾನೆ ಇನ್ನೇನು ಮಾಡ್ತಾರೆ? ನೀನು ಆಡಿದ್ದೂ ನಿಜ, ಅವನು ಮಾಡಿದ್ದೂ ನಿಜ. ಅದಕ್ಕೇ ಸುಳ್ಳು ಎಲ್ಲೂ ಸಿಗಲಿಲ್ಲ. ನಂಗೂ ಬಚ್ಚಲ ಲೈಟಿನ ಮಾತು ಬರೋವರೆಗೆ ಹೊಳೀಲಿಲ್ಲ."

ಮಾವನ ಮುಖ ಸಪ್ಪಗಾಯಿತು. "ಬಿಸಿಲು ಬಂದ ಮೇಲೆ ಬೆಂಕಿ ಯಾಕೆ ದಂಡ, ಉಳಿತಾಯಕ್ಕೆ ಹೇಳಿರಬೇಕು ಅಂದ್ಕೊಂಡೆ ಕಣಮ್ಮಾ."

ಸೊಸೆಗೆ ನಗು ತಡೆಯಲಾಗಲಿಲ್ಲ. ಎದೆಯ ಮೇಲಿನ ಬಂಡೆ ಇಳಿದಿತ್ತು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. "ತಪ್ಪು ನಂದೇ ಮಾವ. ಈಗ ಆ ಬೆಂಕೀನ... ಸೆಲೆಕ್ಟ್ ಮಾಡಿ!"

ಮಾವ ಗುಂಡಿಯನ್ನು ಮತ್ತೆ ಅದುಮಿದರು. ಚಿತ್ರ ಮರಳಿತು. ಬೆರಳು ತಾಗಿಸಿದೊಡನೆ ಹಿತ್ತಲ ಯಂತ್ರ ಗುಂಯ್ ಎಂದಿತು.

ಸಂಜೆ ಟೆಂಪೋದಲ್ಲಿ ಒಲೆ ಹೇರಿಕೊಂಡು ಭಾವ ಬಂದರು. ಬೂಟು ಕಳಚಿ ಒಳಗೆ ಕಾಲಿಟ್ಟವರು ಅಲ್ಲೇ ನಿಂತರು. ನೆಲ ಬೆಚ್ಚಗಿತ್ತು. ಸ್ವೆಟರಿನ ಗುಂಡಿ ಬಿಚ್ಚತೊಡಗಿದರು.

ಅತ್ತೆ ಕೋಣೆಯಿಂದ ಬರಿಗಾಲಿನಲ್ಲೇ ಹೊರಗೆ ಬಂದರು.

"ಆ ದರಿದ್ರದ ಒಲೆ ಹೊಸ್ತಿಲು ದಾಟಿದ್ರೆ ನೋಡು, ಇಷ್ಟು ವರ್ಷ ನಿನ್ನ ಹೊಗೆ ಕುಡಿದು ಕೆಮ್ಮಿದ್ದು ಸಾಕು, ಆಸ್ಪತ್ರೆ ಮಂಚ ಸವೆಸಿದ್ದು ಸಾಕು, ನನ್ನ ಮನೇನ ಇನ್ಮೇಲೆ ಸೂರ್ಯ ಕಾಯಿಸ್ತಾನೆ, ನೀನು ಹೋಗಿ ನಿನ್ನ ಡಿಪೋ ಕಾಯಿ, ನಡಿ!"

ಇಷ್ಟನ್ನೂ ಅವರು ಒಂದೇ ಉಸಿರಿನಲ್ಲಿ ಹೇಳಿದ್ದರು.